ಒಂದು ಹಲಗೆ, ಒಂದು ಬಿಲ್ಲು: ಮರ ಆರಿಸುವುದರಿಂದ ಮೊದಲ ಬಾಣದವರೆಗೆ

ನನ್ನ ಮೊದಲ ಬಿಲ್ಲು ಮುರಿದಾಗ ಆದ ಸದ್ದಿಗೆ ಪಕ್ಕದ ಮನೆಯವರು ಟ್ರಾನ್ಸ್‌ಫಾರ್ಮರ್ ಸಿಡಿಯಿತು ಅಂದುಕೊಂಡು ಹೊರಗೆ ಬಂದಿದ್ದರು. ಮೂರು ಭಾನುವಾರಗಳ ಕೆಲಸ ಹೋಯಿತು. ಮೇಲಿನ ತೋಳು ನಡುಭಾಗದಲ್ಲಿ ಲಟಕ್ಕನೆ ಮುರಿದು, ಒಂದು ಚೂರು ಹಾರಿ ತಾರಸಿಯ ನೀರಿನ ಟ್ಯಾಂಕಿಗೆ ಬಡಿದಿತ್ತು. ಮುರಿದ ಜಾಗ ನೋಡಿದರೆ ಕಾರಣ ಎದ್ದು ಕಾಣುತ್ತಿತ್ತು. ಮರದ ನಾರು ಹಲಗೆಯ ಉದ್ದಕ್ಕೂ ಹೋಗದೆ ಓರೆಯಾಗಿ ಅಂಚಿಗೆ ಹೋಗಿ ಮುಗಿದಿತ್ತು. ಅಂದರೆ ನಾನು ಗರಗಸ ಹಿಡಿಯುವ ಮೊದಲೇ, ಅಂಗಡಿಯಲ್ಲೇ ಆ ಬಿಲ್ಲಿನ ಕಥೆ ಮುಗಿದಿತ್ತು.

ಆದ್ದರಿಂದ ಮರ ಆರಿಸುವುದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹದ ಮಾಡುವುದಕ್ಕೆ ಅದಕ್ಕಿಂತ ಜಾಸ್ತಿ. ಉಳಿದದ್ದು ಸಾಮಾನ್ಯ ಬಡಗಿ ಕೆಲಸ.

ಮರ

ಹಿಂದೆಲ್ಲ ದಿಮ್ಮಿ ಸೀಳಿ, ಒಂದೆರಡು ವರ್ಷ ಒಣಗಿಸಿ, ಆಮೇಲೆ ಬಿಲ್ಲು ಕೆತ್ತುತ್ತಿದ್ದರು. ಸೀಳಿದಾಗ ಮರ ತನ್ನ ನಾರಿನ ಗುಂಟವೇ ಒಡೆಯುತ್ತದೆ. ಹಾಗಾಗಿ ನಾರು ತುಂಡಾಗುವ ಪ್ರಶ್ನೆಯೇ ಇರಲಿಲ್ಲ. ಹಲಗೆ ಹಾಗಲ್ಲ. ಸಾಮಿಲ್ಲಿನ ಬ್ಲೇಡಿಗೆ ನಾರು ಎತ್ತ ಹೋಗಿದೆ ಅನ್ನುವುದು ಬೇಕಿಲ್ಲ, ಅದು ನೇರಕ್ಕೆ ಕೊಯ್ಯುತ್ತದೆ. ನಾರು ನೇರ ಇರುವ ಹಲಗೆಯನ್ನು ಹುಡುಕುವ ಕೆಲಸ ನಮ್ಮದು.

ಅಮೆರಿಕದಲ್ಲಿ ಹಲಗೆ ಬಿಲ್ಲು ಮಾಡುವವರು ಹೆಚ್ಚಾಗಿ ರೆಡ್ ಓಕ್ ಹಿಡಿಯುತ್ತಾರೆ. ಅಲ್ಲಿ ಅದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹಿಕರಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಬಹಳ ಗಟ್ಟಿ ನಾರಿನ ಮರ. ಆಶ್ ಕೂಡ ಒಳ್ಳೆಯದೇ. ಹೊರದೇಶದಿಂದ ಬರುವ ಫರ್ನಿಚರ್ ಮರ ಇಡುವ ದೊಡ್ಡ ಟಿಂಬರ್ ಯಾರ್ಡುಗಳಲ್ಲಿ ಆಶ್, ಓಕ್ ಕೇಳಿದರೆ ಸಿಗುತ್ತವೆ. ನಾನು ಎರಡನೇ ಸಲ ತಂದದ್ದು ಆಶ್.

ಇಲ್ಲಿ ಒಂದು ಎಚ್ಚರಿಕೆ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದು ಆಸ್ಟ್ರೇಲಿಯಾ ಮೂಲದ ಬೇರೆಯೇ ಜಾತಿಯ ಮರ. ಬಿಲ್ಲಿಗೆ ಆಗುವುದಿಲ್ಲ. ತೇಗವೂ ಬೇಡ. ಬಾಗಿಲು, ಕಿಟಕಿಗೆ ಅದು ರಾಜ ಇರಬಹುದು, ಬಗ್ಗಿಸಿದರೆ ಬೇಗ ಕೈಕೊಡುತ್ತದೆ.

ನಮ್ಮ ಕಾಡಿನ ಮರ ಬೇಕೆಂದರೆ ನೆನಪಿಡಬೇಕಾದ ಹೆಸರು ತಡಸಲು. ಹಿಂದಿಯಲ್ಲಿ ಧಾಮನ್ ಅನ್ನುತ್ತಾರೆ. ಕೊಡಲಿ ಕಾವಿಗೆ, ಗಾಡಿಯ ಸಾಮಾನಿಗೆ ಬಳಸುತ್ತಿದ್ದ, ಬಗ್ಗಿ ಮತ್ತೆ ನೆಟ್ಟಗಾಗುವ ಮರ. ಕೊಡಲಿ ಕಾವಿಗೆ ಒಗ್ಗುವ ಮರ ಬಿಲ್ಲಿಗೂ ಒಗ್ಗುತ್ತದೆ ಅನ್ನುವುದು ಸುಮಾರಾಗಿ ಎಲ್ಲ ಕಡೆ ನಿಜ. ಆಶ್, ಹಿಕರಿಯಲ್ಲೂ ಕಾವು ಮಾಡುತ್ತಾರೆ. ಆದರೆ ಕಾಡಿನಿಂದ ಕಡಿದು ತರುವ ಯೋಚನೆ ಬೇಡ. ಲೈಸೆನ್ಸ್ ಇರುವ ಡಿಪೋದಲ್ಲಿ ವಿಚಾರಿಸಿ.

ಬೇಕಾದ ಅಳತೆ: 6 ಅಡಿ ಉದ್ದ, 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಹಂಚಿನ ಮನೆಗೆ ಹೊಡೆಯುವ ರೀಪು ನೋಡಿದವರಿಗೆ ಗಾತ್ರದ ಅಂದಾಜು ಸಿಕ್ಕಿರುತ್ತದೆ.

ಯಾರ್ಡಿನಲ್ಲಿ ಹಲಗೆಯನ್ನು ಬೆಳಕಿಗೆ ಹಿಡಿದು ನಾಲ್ಕೂ ಮುಖ ನೋಡಿ. ಅಗಲದ ಮುಖದಲ್ಲಿ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲು ಹಳಿಯ ಹಾಗೆ ಹೋಗಬೇಕು. ಪಕ್ಕದ ಅಂಚಿನಲ್ಲೂ ಅಷ್ಟೇ. ಯಾವುದಾದರೂ ಗೆರೆ ನಡುದಾರಿಯಲ್ಲಿ ಅಂಚಿಗೆ ಹೊರಟುಹೋಗಿದ್ದರೆ ಆ ಹಲಗೆ ವಾಪಸ್. ಗೋಪುರದ ಹಾಗೆ ಒಂದರ ಮೇಲೊಂದು ಏರಿದ ಗೆರೆಗಳು ಟೇಬಲ್ಲಿಗೆ ಬಹಳ ಚಂದ, ಬಿಲ್ಲಿಗೆ ಬೇಡವೇ ಬೇಡ. ಗಂಟು ಇರಬಾರದು, ಗುಂಡುಸೂಜಿಯ ತಲೆಯಷ್ಟು ಸಣ್ಣದೂ ಬೇಡ. ನಾನು ಆಶ್ ತರಲು ಹೋದಾಗ ಮೂವತ್ತು ನಲವತ್ತು ಹಲಗೆ ಎಳೆದು ನೋಡಿ ಒಂದನ್ನು ತಂದೆ. ಯಾರ್ಡಿನ ಹುಡುಗ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಹೋಗುವಾಗಲೇ ಅವನಿಗೆ ಟೀ ಕುಡಿಸಿಬಿಡಿ.

ತಂದ ಹಲಗೆಯನ್ನು ತಕ್ಷಣ ಕೊಯ್ಯಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗೋಡೆ ಬದಿಗೆ ಮಲಗಿಸಿ. ನಾಲ್ಕು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು. ಮರದಲ್ಲಿ ನೀರಿನಂಶ ಶೇ. 8ರಿಂದ 10ರಷ್ಟಿದ್ದರೆ ಒಳ್ಳೆಯದು. ಒದ್ದೆ ಮರದ ಬಿಲ್ಲು ಮುರಿಯುವುದಿಲ್ಲ, ಬಾಗಿದ್ದು ಬಾಗಿದಂತೆ ಉಳಿದುಬಿಡುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು. ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ.

ಯಾಕೆ ಚಪ್ಪಟೆ, ಯಾಕೆ ಅಗಲ

ಇಂಗ್ಲೆಂಡಿನ ಮೇರಿ ರೋಸ್ ಹಡಗು 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರೊಳಗೆ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಅಗಲ ಕಡಿಮೆ, ದಪ್ಪ ಜಾಸ್ತಿ. ಅವೆಲ್ಲ ಯೂ ಮರದವು, ಆ ಮರ ಅದನ್ನು ತಡೆಯುತ್ತದೆ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಎಂಬಲ್ಲಿ ಜೌಗಿನಲ್ಲಿ ಸಿಕ್ಕ ಸುಮಾರು 9 ಸಾವಿರ ವರ್ಷ ಹಳೆಯ ಬಿಲ್ಲು ಎಲ್ಮ್ ಮರದ್ದು. ಅದರ ತೋಳು ಅಗಲ, ಚಪ್ಪಟೆ. ಆಶ್, ಓಕ್ ಹಲಗೆಗೆ ಈ ಎರಡನೆಯ ದಾರಿಯೇ ಸರಿ.

ಕಾರಣ ಸರಳ. ಅಗಲ ಎರಡು ಪಟ್ಟು ಮಾಡಿದರೆ ಬಿಲ್ಲಿನ ಬಿಗಿ ಎರಡು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ಬಿಗಿ ದಪ್ಪದ ಮೂರನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು ತೆಗೆದರೆ ಬಿಗಿ ಶೇ. 27ರಷ್ಟು ಹೋಯಿತು. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಮುಂದೆ ಹತ್ತರಿ ಹಿಡಿದಾಗ ಕೈ ತಾನಾಗಿ ಹಗುರವಾಗುತ್ತದೆ.

ಗೆರೆ ಹಾಕುವುದು, ಕೊಯ್ಯುವುದು

ಮೊದಲು ನಿಮ್ಮ ಎಳೆತದ ಉದ್ದ, ಅಂದರೆ ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಅಂತ ತಿಳಿಯಬೇಕು. ಎರಡೂ ಕೈ ಚಾಚಿ ನಿಂತು ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. ನನ್ನದು 68 ಇಂಚು, ಅಂದರೆ 27 ಇಂಚು ಎಳೆತ. ಬಿಲ್ಲಿನ ಉದ್ದ ಇದರ ಎರಡೂವರೆ ಪಟ್ಟು ಇದ್ದರೆ ಮರಕ್ಕೆ ಹಿಂಸೆಯಿಲ್ಲ. 28 ಇಂಚಿನವರೆಗೆ 72 ಇಂಚಿನ ಹಲಗೆ ಸಾಕು. ಮೊದಲ ಬಿಲ್ಲಿಗೆ ಎಳೆತದ ಭಾರ (ಪೂರ್ತಿ ಎಳೆಯಲು ಬೇಕಾದ ಬಲ) 30 ಪೌಂಡ್ ಇರಲಿ, ಸುಮಾರು ಹದಿಮೂರೂವರೆ ಕೆಜಿ. ಐವತ್ತು ಪೌಂಡ್ ಮಾಡುತ್ತೇನೆ ಅನ್ನುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆ ಟ್ಯಾಂಕಿನ ಮೇಲೆ ಗುರುತು ಇನ್ನೂ ಇದೆ.

ಬಿಲ್ಲಿಗೆ ಬೆನ್ನು, ಹೊಟ್ಟೆ ಅಂತ ಎರಡಿದೆ. ಗುರಿಯ ಕಡೆಗಿರುವುದು ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಗೆರೆ ಅತಿ ನೇರವಾಗಿರುವ ಮುಖವನ್ನು ಬೆನ್ನು ಮಾಡಿ, ಪೆನ್ಸಿಲ್ಲಿನಲ್ಲಿ ದೊಡ್ಡದಾಗಿ 'ಬೆನ್ನು' ಅಂತ ಬರೆಯಿರಿ. ಇನ್ನು ಮುಂದೆ ಆ ಮುಖಕ್ಕೆ ಉಳಿ, ಹತ್ತರಿ, ಅರ ಯಾವುದೂ ತಾಗಬಾರದು. ಅಲ್ಲಿನ ಒಂದು ಸಣ್ಣ ಗೀರೂ ಬಿರುಕಿಗೆ ಬೀಜ.

ಬೆನ್ನಿನ ಮೇಲೆ ಉದ್ದಕ್ಕೆ ನಡುಗೆರೆ ಎಳೆಯಿರಿ. ರೂಲರ್ ಸಾಲದು, ಎರಡು ತುದಿಗೆ ದಾರ ಬಿಗಿದು ಹಾಕಿ. ನಡುವಿನ 8 ಇಂಚು ಹಿಡಿಯ ಭಾಗ: 4 ಇಂಚು ಕೈ ಹಿಡಿಯಲು, ಅದರ ಆಚೀಚೆ ಎರಡೆರಡು ಇಂಚು ಇಳಿಜಾರು. ಉಳಿದಂತೆ ಒಂದೊಂದು ತೋಳು 32 ಇಂಚು. ಹಿಡಿಯ ಪಕ್ಕದಿಂದ 16 ಇಂಚಿನವರೆಗೆ ಒಂದೂವರೆ ಇಂಚು ಅಗಲ ಹಾಗೇ ಇರಲಿ. ಅಲ್ಲಿಂದ ತುದಿಗೆ ನೇರ ಗೆರೆಯಲ್ಲಿ ಅರ್ಧ ಇಂಚಿಗೆ ಇಳಿಸಿ.

ಗೆರೆಯ ಹೊರಗೆ ಕೊಯ್ದು, ಹತ್ತರಿಯಲ್ಲಿ ಗೆರೆಗೆ ತನ್ನಿ. ಆಮೇಲೆ ಪಕ್ಕದ ಅಂಚಿನಲ್ಲಿ ದಪ್ಪದ ಗೆರೆ. ಇಂಚಿನ ಎಂಟನೇ ಒಂದು ಭಾಗಕ್ಕೆ ನಮ್ಮ ಬೀದಿಯ ಆಚಾರ್ರು 'ನೂಲು' ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹಿಡಿಯ ಪಕ್ಕದಲ್ಲಿ 5 ನೂಲು, ತುದಿಯಲ್ಲಿ 4 ನೂಲು. ಹೊಟ್ಟೆಯ ಕಡೆಯಿಂದ ಮಾತ್ರ ತೆಗೆಯಬೇಕು. ಇದು ಶುರುವಿನ ದಪ್ಪ ಅಷ್ಟೇ.

ಮುಕ್ಕಾಲು ಇಂಚಿನ ಹಿಡಿ ಕೈಗೆ ಸಾಲದು, ಎಳೆದಾಗ ಬಗ್ಗಿಯೂ ಬಿಡುತ್ತದೆ. ಅದೇ ಹಲಗೆಯ ಉಳಿಕೆಯಿಂದ 8 ಇಂಚಿನ ತುಂಡೊಂದನ್ನು ಹೊಟ್ಟೆಯ ಕಡೆ ಅಂಟಿಸಿ. ಎರಡೂ ಮುಖ ಸಪಾಟಾಗಿರಬೇಕು. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ನೀರು ತಡೆಯುವ ಫೆವಿಕಾಲ್ ಅಥವಾ ಎಪಾಕ್ಸಿ ಹಚ್ಚಿ, ನಾಲ್ಕು ಕ್ಲ್ಯಾಂಪ್ ಹಾಕಿ, ಒಂದು ದಿನ ಮುಟ್ಟಬೇಡಿ. ಆಮೇಲೆ ಆ ತುಂಡಿನ ಎರಡು ಕೊನೆಗಳನ್ನು ತೋಳಿಗೆ ಸೇರುವ ಹಾಗೆ ಇಳಿಜಾರಾಗಿ ಕೆತ್ತಿ. ಈ ತುಂಡು ಕಿತ್ತು ಬರುವುದಕ್ಕೆ ಹೆಚ್ಚಿನ ಸಲ ಅಂಟು ಕಾರಣವಲ್ಲ. ಇಳಿಜಾರಿನ ಬುಡ ತೆಳುವಾಗಿ ಅಲ್ಲೇ ಬಗ್ಗಲು ಶುರುವಾಗಿರುತ್ತದೆ.

ಅಂಚುಗಳ ಚೂಪನ್ನು ಸ್ಯಾಂಡ್ ಪೇಪರಿನಿಂದ ದುಂಡಗೆ ಮಾಡಿ. ಬೆನ್ನಿನ ಅಂಚಿಗೂ ಇದೊಂದು ಕೆಲಸಕ್ಕೆ ಮಾತ್ರ ರಿಯಾಯಿತಿ.

ಬೆನ್ನಿಗೆ ಬಟ್ಟೆ ಅಂಟಿಸುವುದು ನಿಮ್ಮಿಷ್ಟ. ಲಿನನ್ ಅಥವಾ ರೇಷ್ಮೆ ಒಂದು ಪದರ, ಅದೇ ಫೆವಿಕಾಲಿನಲ್ಲಿ. ಸಣ್ಣ ಸಿಬಿರು ಏಳುವುದನ್ನು ಅದು ತಡೆಯುತ್ತದೆ. ಓರೆ ನಾರಿನ ಹಲಗೆಯನ್ನು ಯಾವ ಬಟ್ಟೆಯೂ ಉಳಿಸುವುದಿಲ್ಲ. ಹಳೆ ರೇಷ್ಮೆ ಸೀರೆಯ ಮೇಲೆ ಕಣ್ಣು ಹಾಕುವ ಮೊದಲು ಮನೆಯವರನ್ನು ಕೇಳಿ.

ತುದಿಯಲ್ಲಿ ಹೆದೆ ಕೂರುವ ಕಚ್ಚಿಗೆ ಕನ್ನಡದಲ್ಲಿ ಕೊಪ್ಪು ಅಂತ ಒಳ್ಳೆ ಹಳೆ ಹೆಸರಿದೆ. ತುದಿಯಿಂದ ಮುಕ್ಕಾಲು ಇಂಚು ಬಿಟ್ಟು, ಎರಡೂ ಪಕ್ಕ 45 ಡಿಗ್ರಿ ಓರೆಯಲ್ಲಿ ದುಂಡು ಅರದಿಂದ ಉಜ್ಜಿ. ಮರ ಕೊಯ್ಯುವ ಚೈನ್‌ಸಾದ ಹಲ್ಲು ಮಸೆಯುವ 4 ಮಿಮೀ ಅರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆನ್ನಿನ ಮೇಲೆ ಅಡ್ಡಕ್ಕೆ ಮಾತ್ರ ಕಚ್ಚು ಬೀಳಬಾರದು.

ಹದ

ಇಂಗ್ಲಿಷಿನಲ್ಲಿ ಇದಕ್ಕೆ ಟಿಲ್ಲರಿಂಗ್ ಅನ್ನುತ್ತಾರೆ. ನಮ್ಮ ಕಡೆ ಟಿಲ್ಲರ್ ಅಂದರೆ ಗದ್ದೆಗೆ ಇಳಿಯುವುದು, ಆದ್ದರಿಂದ ನಾನು ಹದ ಮಾಡುವುದು ಅಂತಲೇ ಅನ್ನುತ್ತೇನೆ. ಇಲ್ಲಿಯವರೆಗೆ ಮಾಡಿದ್ದು ಬಿಲ್ಲಿನ ಆಕಾರದ ಕಟ್ಟಿಗೆ. ಎರಡೂ ತೋಳು ಉದ್ದಕ್ಕೂ ಒಂದೇ ಸಮ ಬಗ್ಗುವ ಹಾಗೆ ಮಾಡಿದಾಗ ಅದು ಬಿಲ್ಲಾಗುತ್ತದೆ.

ನಿಯಮ ಒಂದೇ. ಬಗ್ಗದ ಕಡೆ ಕೆರೆಯಿರಿ, ಬಗ್ಗುವ ಕಡೆ ಮುಟ್ಟಬೇಡಿ. ಹೇಳುವುದು ಸುಲಭ. ಒಂದು ಜಾಗ ಜಾಸ್ತಿ ಬಗ್ಗುತ್ತಿದೆ ಅಂತ ಕಂಡ ಕೂಡಲೇ ಕೈ ಯಾಕೋ ಅಲ್ಲಿಗೇ ಹೋಗುತ್ತದೆ.

ಮೊದಲು ನೆಲದ ಮೇಲೆ. ಒಂದು ತುದಿಯನ್ನು ಹಳೆ ಚಪ್ಪಲಿಯ ಮೇಲೆ ಊರಿ, ಹಿಡಿಯನ್ನು ಒತ್ತಿ ತೋಳು ಹೇಗೆ ಬಗ್ಗುತ್ತದೆ ನೋಡಿ. ತಿರುಗಿಸಿ ಇನ್ನೊಂದು. ಎರಡೂ ಒಂದೇ ಒತ್ತಡಕ್ಕೆ ಒಂದೇ ಥರ ಬಗ್ಗುವವರೆಗೆ ಹತ್ತರಿ ಅಥವಾ ಒರಟು ಅರದಿಂದ ಹೊಟ್ಟೆ ಕೆರೆಯಿರಿ.

ಆಮೇಲೆ ಗೋಡೆಗೆ. ಒಂದು ಗಟ್ಟಿ ಹಲಗೆಯನ್ನು ನೆಟ್ಟಗೆ ಗೋಡೆಗೆ ಬಿಗಿದು, ಮೇಲ್ತುದಿಯಲ್ಲಿ ಹಿಡಿ ಕೂರಲು ಗುಳಿ ಮಾಡಿ, ಕೆಳಗೆ ರಾಟೆ ಹಾಕಿ. ಬಿಲ್ಲಿಗಿಂತ ಉದ್ದದ, ಜೋಲುವ ಹಗ್ಗವನ್ನು ಎರಡು ಕೊಪ್ಪಿಗೆ ಹಾಕಿ. ಅದರ ನಡುವಿಗೆ ಬ್ಯಾಗ್ ತೂಗುವ ಕೊಕ್ಕೆಯ ತಕ್ಕಡಿ ಸಿಕ್ಕಿಸಿ, ಅಲ್ಲಿಂದ ಇನ್ನೊಂದು ಹಗ್ಗ ರಾಟೆಯ ಮೂಲಕ ನಿಮ್ಮ ಕೈಗೆ. ಎಂಟು ಹತ್ತು ಅಡಿ ದೂರ ನಿಂತು ಎಳೆಯಿರಿ. ಮುರಿದರೆ ಚೂರು ಮುಖಕ್ಕೆ ಬರುವುದಿಲ್ಲ, ಇಡೀ ಬಿಲ್ಲಿನ ಬಾಗು ಒಂದೇ ನೋಟಕ್ಕೆ ಕಾಣುತ್ತದೆ. ಕನ್ನಡಕ ಹಾಕಿಕೊಳ್ಳಿ.

ನಾನು ಮಾಡುವುದು ಹೀಗೆ. ನಾಲ್ಕು ಇಂಚು ಎಳೆದು ಮೊಬೈಲಿನಲ್ಲಿ ಒಂದು ಫೋಟೋ. ಹೊಟ್ಟೆಯ ಮೇಲೆ ಬಗ್ಗದ ಜಾಗಕ್ಕೆ ಪೆನ್ಸಿಲ್ ಗೀಚು. ಕೆಳಗಿಳಿಸಿ, ಗೀಚು ಮಾಯವಾಗುವಷ್ಟು ಮಾತ್ರ ಕೆರೆತ. ಮತ್ತೆ ಗೋಡೆಗೇರಿಸಿ ಮೂವತ್ತು ಸಲ ನಿಧಾನವಾಗಿ ಎಳೆದು ಬಿಡು. ಈ ಮೂವತ್ತು ಸಲ ಬಹಳ ಮುಖ್ಯ. ಕೆರೆದದ್ದರ ಪರಿಣಾಮ ಮರದಲ್ಲಿ ಕಾಣಲು ಅಷ್ಟು ಹೊತ್ತು ಬೇಕು. ಅವಸರಪಟ್ಟು "ಏನೂ ಆಗಲಿಲ್ಲ" ಅಂತ ಇನ್ನಷ್ಟು ಕೆರೆದರೆ ಎರಡರದ್ದೂ ಪರಿಣಾಮ ಒಟ್ಟಿಗೆ ಕಾಣುತ್ತದೆ.

ಬಗ್ಗದ ಜಾಗ ಕಣ್ಣಿಗೆ ಸಿಗದಿದ್ದರೆ ಒಂದು ಉಪಾಯ ಇದೆ. ಆರಿಂಚಿನ ಸಪಾಟು ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ತುಂಡು ಸಿಕ್ಕಿಸಿ. ಬಿಲ್ಲು ಬಾಗಿರುವಾಗ ಇದನ್ನು ಹೊಟ್ಟೆಯ ಮೇಲೆ ಇಟ್ಟರೆ ಎರಡು ಕೊನೆ ತಾಗಿ ನಡುವೆ ಸಂದಿ ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಬಾಗಿರುವ ಕಡೆ ಪೆನ್ಸಿಲ್ ಮೊನೆ ಕೂದಲೆಳೆಯಷ್ಟು ತಾಗದ ಹಾಗೆ ಹೊಂದಿಸಿ. ಇನ್ನು ತೋಳಿನುದ್ದಕ್ಕೂ ಎಳೆಯಿರಿ. ಎಲ್ಲಿ ಬಾಗು ಕಡಿಮೆಯೋ ಅಲ್ಲೆಲ್ಲ ಪೆನ್ಸಿಲ್ ತಾನೇ ಗೀಚುತ್ತದೆ. ಹಿಡಿಯ ಇಳಿಜಾರು ಮತ್ತು ತುದಿಯ ಐದಾರು ಇಂಚು ಬಿಟ್ಟುಬಿಡಿ, ಅವು ಬಿಗಿಯಾಗಿಯೇ ಇರಬೇಕು.

ತಕ್ಕಡಿಯ ಮೇಲೂ ಕಣ್ಣಿರಲಿ. 30 ಪೌಂಡಿನ ಬಿಲ್ಲು ಬೇಕಾದರೆ ತಕ್ಕಡಿ ಯಾವತ್ತೂ 30 ದಾಟಬಾರದು. ಹತ್ತು ಇಂಚಿಗೇ 30 ತೋರಿಸಿದರೆ ಅಲ್ಲೇ ನಿಲ್ಲಿಸಿ, ಕೆರೆದು, ಆಮೇಲೆ ಮುಂದಿನ ಇಂಚು. ಬಗ್ಗದ ಬಿಲ್ಲನ್ನು ಜೋರಾಗಿ ಎಳೆದರೆ ಹೊಟ್ಟೆಯ ನಾರು ಜಜ್ಜಿಹೋಗುತ್ತದೆ. ಆಮೇಲೆ ಅಡ್ಡಡ್ಡ ಸಣ್ಣ ಸುಕ್ಕು ಕಾಣುತ್ತದೆ, ಅದಕ್ಕೆ ಮದ್ದಿಲ್ಲ.

ಉದ್ದ ಹಗ್ಗದಲ್ಲಿ ತುದಿಗಳು ಆರು ಇಂಚು ಚೆನ್ನಾಗಿ ಇಳಿದವು ಅಂದರೆ ನಿಜವಾದ ಹೆದೆ ಹಾಕುವ ಸಮಯ. ಹೆದೆಗೆ ಬಿಲ್ಲುಗಾರಿಕೆ ಸಾಮಾನಿನ ಅಂಗಡಿಯ ಡೇಕ್ರಾನ್ ನೂಲು ತನ್ನಿ. 12 ಎಳೆ ಹೊಸೆದರೆ ಈ ಭಾರಕ್ಕೆ ಧಾರಾಳ ಸಾಕು. ಜೇನುಮೇಣ ತಿಕ್ಕಿ. ಸ್ವಲ್ಪವೂ ಹಿಗ್ಗದ ಹೊಸ ಕಾಲದ ನೂಲು ಬೇಡ, ಅದರ ಏಟು ಮರದ ಕೊಪ್ಪಿಗೆ ಜಾಸ್ತಿಯಾಗುತ್ತದೆ. ಉದ್ದ ಕೊಪ್ಪಿನಿಂದ ಕೊಪ್ಪಿಗೆ ಇರುವುದಕ್ಕಿಂತ ಮೂರೂವರೆ ಇಂಚು ಕಡಿಮೆ. ಮೊದಲು ಹಿಡಿಗೂ ಹೆದೆಗೂ ಮೂರು ಇಂಚು ಅಂತರ ಬರುವ ಹಾಗೆ ಹೆದೆಯೇರಿಸಿ ನೋಡಿ, ಎರಡು ತೋಳು ಸಮ ಮಾಡಿ, ಆಮೇಲೆ ಆರು ಇಂಚಿಗೆ.

ಈಗ ಹಿಡಿಯ ಎರಡು ಬದಿ ಹೆದೆಗೂ ಹೊಟ್ಟೆಗೂ ಇರುವ ಅಂತರ ಅಳೆಯಿರಿ. ಕೆಳಗಿನ ತೋಳಿನ ಅಂತರ ಒಂದು ನೂಲು ಕಡಿಮೆ ಇದ್ದರೆ ಸರಿ. ಬೆರಳುಗಳಲ್ಲಿ ಹೆದೆ ಎಳೆಯುವಾಗ ಕೆಳಗಿನ ತೋಳಿನ ಮೇಲೆ ಒತ್ತಡ ಜಾಸ್ತಿ, ಅದು ಸ್ವಲ್ಪ ಬಿಗಿಯಾಗಿರಬೇಕು.

ಇಲ್ಲಿಂದ ಮುಂದೆ ಅರ ಕೆಳಗಿಡಿ. ಗಾಜಿನ ಚೂರು ಅಥವಾ ಸ್ಕ್ರೇಪರ್ ಮಾತ್ರ. ಹೂವಿನ ಎಸಳಿನಂಥ ಸುರುಳಿ ಬರಬೇಕು. ಒಂದೊಂದೇ ಇಂಚು ಹೆಚ್ಚಿಸುತ್ತ 27 ತಲುಪುವಷ್ಟರಲ್ಲಿ ನನಗೆ ನಾಲ್ಕು ಸಂಜೆ ಹಿಡಿದವು. ತಕ್ಕಡಿ 30 ದಾಟಬಾರದು ಅಂದಿದ್ದೆ, ಕೊನೆಯಲ್ಲಿ ಮಾತ್ರ ಅದಕ್ಕೆ ರಿಯಾಯಿತಿ: ಬೇಕಾದ ಭಾರಕ್ಕಿಂತ ಎರಡು ಪೌಂಡ್ ಮೇಲೆ ಇರುವಾಗಲೇ ನಿಲ್ಲಿಸಿ. ಸ್ಯಾಂಡ್ ಪೇಪರ್ ಆ ಎರಡು ಪೌಂಡ್ ತಿನ್ನುತ್ತದೆ.

ಮೂರನೇ ಸಂಜೆ ಆಚಾರ್ರು ಬಂದು ನಿಂತು ನೋಡಿದರು. "ಏನ್ ಸಾರ್ ಇದು, ದಿನಾ ಇಷ್ಟಿಷ್ಟೇ ಕೆರೀತೀರಿ?" "ಬಲಗಡೆ ಬಗ್ತಾ ಇಲ್ಲ ಆಚಾರ್ರೇ." ಅವರು ಬಿಲ್ಲನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ತೋಳನ್ನು ಹಿಡಿದು ತುದಿಯವರೆಗೆ ಸವರಿದರು. ಒಂದು ಕಡೆ ನಿಂತು "ಇಲ್ಲಿ ಒಂದು ದಿಬ್ಬ ಇದೆ" ಅಂದರು. ಕ್ಯಾಲಿಪರ್ ಹಿಡಿದರೆ ಅಲ್ಲಿ ಅರ್ಧ ಮಿಮೀ ಜಾಸ್ತಿ ಇತ್ತು. ಅವತ್ತಿನಿಂದ ನಾನೂ ಪ್ರತಿ ಸಲ ಕೆರೆದ ಮೇಲೆ ಕಣ್ಣು ಮುಚ್ಚಿ ಒಮ್ಮೆ ಸವರುತ್ತೇನೆ.

ಕೊನೆಯ ಕೆಲಸ

ಸ್ಯಾಂಡ್ ಪೇಪರ್ 80, 120, 220 ಈ ಕ್ರಮದಲ್ಲಿ. ಹಿಡಿಯನ್ನು ನಿಮ್ಮ ಅಂಗೈಗೆ ತಕ್ಕಂತೆ ದುಂಡಗೆ ಮಾಡಿ, ಹತ್ತಿಯ ಹುರಿ ಅಥವಾ ಚರ್ಮ ಸುತ್ತಿ. ಮರಕ್ಕೆ ಅಗಸೆ ಎಣ್ಣೆ ನಾಲ್ಕೈದು ಕೋಟು, ನಡುವೆ ಒಂದೊಂದು ದಿನ ಬಿಟ್ಟು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಬಾಣವಿಲ್ಲದೆ ಹೆದೆ ಎಳೆದು ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸಾಗುತ್ತದೆ. ಬಾಣವೂ ತೀರಾ ಹಗುರ ಬೇಡ. ಪೌಂಡಿಗೆ 10 ಗ್ರೇನ್ ಲೆಕ್ಕ, ಅಂದರೆ 30 ಪೌಂಡಿನ ಬಿಲ್ಲಿಗೆ ಸುಮಾರು 19 ಗ್ರಾಂ ತೂಗುವ ಬಾಣ. ನಿಮಗಿಂತ ಉದ್ದ ಕೈಯವರಿಗೆ ಎಳೆಯಲು ಕೊಡಬೇಡಿ, ಬಿಲ್ಲಿಗೆ 27 ಇಂಚು ಮಾತ್ರ ಗೊತ್ತು. ಆಡಿದ ಮೇಲೆ ಹೆದೆ ಇಳಿಸಿ, ಎರಡು ಗೂಟದ ಮೇಲೆ ಅಡ್ಡಕ್ಕೆ ಇಡಿ. ಹಿಂದೆ ಗೋಡೆಯೋ ಮಣ್ಣಿನ ದಿಬ್ಬವೋ ಇಲ್ಲದ ಕಡೆ ಗುರಿ ಇಡಬೇಡಿ. ಹಕ್ಕಿ, ಮೊಲದ ಕಡೆ ತಿರುಗಿಸುವ ಯೋಚನೆಯೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.

ಮೊದಲ ನೂರು ಬಾಣ ಬಿಟ್ಟ ಮೇಲೆ ಹೆದೆ ಇಳಿಸಿ, ಕೊಪ್ಪಿನಿಂದ ಕೊಪ್ಪಿಗೆ ದಾರ ಹಿಡಿದು ನೋಡಿ. ಬಿಲ್ಲು ಸ್ವಲ್ಪ ಹೊಟ್ಟೆಯ ಕಡೆ ಬಾಗಿಯೇ ಉಳಿದಿರುತ್ತದೆ. ಎರಡು ಇಂಚಿನೊಳಗೆ ಇದ್ದರೆ ಹಲಗೆ ಬಿಲ್ಲಿಗೆ ಅದು ಪಾಸ್. ನನ್ನ ಆಶ್ ಬಿಲ್ಲು ಒಂದೂಕಾಲು ಇಂಚಿಗೆ ನಿಂತಿತು.

ಅದನ್ನು ಆಚಾರ್ರಿಗೆ ತೋರಿಸಲು ಒಯ್ದೆ. ಹೆದೆಯೇರಿಸಿ, ಎಳೆದು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅವರೇ ನಿಧಾನವಾಗಿ ಇಳಿಸಿದರು. "ಚೆನ್ನಾಗ್ ಬಂದಿದೆ ಸಾರ್. ಬಾಣ ಎಲ್ಲಿ?" ಅಂದರು. ಆ ನೂರೂ ಬಾಣ ಅಂಗಡಿಯಿಂದ ತಂದ ಆರೇ ಆರು ಬಾಣಗಳಲ್ಲಿ ಬಿಟ್ಟದ್ದು, ಅದರಲ್ಲಿ ನಾಲ್ಕು ಆಗಲೇ ಪಕ್ಕದ ಖಾಲಿ ಸೈಟಿನ ಹುಲ್ಲಿನಲ್ಲಿ ಕಳೆದುಹೋಗಿದ್ದವು. ಅವರ ಅಂಗಡಿಯ ಮೂಲೆಯಲ್ಲಿ ಒರಗಿದ್ದ ತೆಳು ಬಿದಿರಿನ ಕಡ್ಡಿಗಳ ಕಟ್ಟು ಕಡೆ ಇಬ್ಬರೂ ನೋಡಿದೆವು.